ಬನಶಂಕರಮ್ಮ ಸಹಿ ಹಾಕದ ರಿಪೋರ್ಟು

ಮಂಗಳವಾರ ಬೆಳಿಗ್ಗೆ ಎಂಟೂಕಾಲಿಗೆ ಬನಶಂಕರಮ್ಮ ಬಿಸಿನೀರಿನ ತೊಟ್ಟಿಯಿಂದ ಟ್ಯೂಬುಗಳ ಸ್ಟ್ಯಾಂಡು ಎತ್ತಿದಳು. ತಳದ ನೀರನ್ನು ಬಟ್ಟೆಯಿಂದ ಒರೆಸಿ, ಅಲುಗದಂತೆ ಎರಡು ಕೈಯಲ್ಲಿ ಹಿಡಿದು ಪೂರ್ವದ ಕಿಟಕಿಗೆ ಒಯ್ದಳು. ಹಿಂದೂಪುರದ ಆ ಸಣ್ಣ ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ ಟ್ಯೂಬ್‌ಲೈಟ್ ಇತ್ತು. ಆದರೂ ಟೈಫಾಯ್ಡಿನ ವಿಡಾಲ್ ಪರೀಕ್ಷೆಯನ್ನು ಅವಳು ಬಿಸಿಲಿನಲ್ಲಿಯೇ ಓದುತ್ತಿದ್ದಳು. ರೇಷ್ಮೆಯ ಬಣ್ಣವನ್ನು ದೀಪದ ಬೆಳಕಿನಲ್ಲಿ ನೋಡಿ ಒಪ್ಪಬಾರದು ಎಂದು ಅವಳ ಅಪ್ಪ ವೆಂಕಟರಾಮಪ್ಪ ಮಗ್ಗದ ಮೇಲೆ ಕೂತು ಹೇಳುತ್ತಿದ್ದ ಮಾತನ್ನು ಅವಳು ರಕ್ತಕ್ಕೂ ಅನ್ವಯಿಸಿಕೊಂಡಿದ್ದಳು.

ಟ್ಯೂಬುಗಳು ಎರಡು ಸಾಲು. ಒಂದು ಸಾಲು 'ಓ', ಇನ್ನೊಂದು 'ಎಚ್'. ಟೈಫಾಯ್ಡ್ ಕ್ರಿಮಿಯ ಮೈಯನ್ನು ಪರೀಕ್ಷಿಸುವುದು ಓ. ಆ ಕ್ರಿಮಿ ಈಜಲು ಬಳಸುವ ಕೂದಲಿನಂಥ ಎಳೆಗಳನ್ನು ಪರೀಕ್ಷಿಸುವುದು ಎಚ್. ಸತ್ತ ಕ್ರಿಮಿಗಳಿರುವ ನೀರಿಗೆ ರೋಗಿಯ ರಕ್ತದ ತಿಳಿಯನ್ನು ಸೇರಿಸಿ ಇಡುತ್ತಾರೆ. ಆ ರಕ್ತಕ್ಕೆ ಟೈಫಾಯ್ಡಿನ ಪರಿಚಯ ಮೊದಲೇ ಆಗಿದ್ದರೆ ಅದರಲ್ಲಿ ಪ್ರತಿಕಾಯಗಳಿರುತ್ತವೆ. ಅವು ಕ್ರಿಮಿಗಳನ್ನು ಒಂದಕ್ಕೊಂದು ಅಂಟಿಸಿ ಗಂಟು ಮಾಡಿ ತಳಕ್ಕಿಳಿಸುತ್ತವೆ. ಓ ಸಾಲಿನ ಗಂಟು ರವೆಯಂತೆ ಕಾಣುತ್ತದೆ, ಎಚ್ ಸಾಲಿನದು ಹಿಂಜಿದ ಹತ್ತಿಯಂತೆ. ತಿಳಿಯನ್ನು ಇಪ್ಪತ್ತು ಪಾಲು, ನಲವತ್ತು ಪಾಲು, ಎಂಬತ್ತು ಪಾಲು ಎಂದು ತೆಳುವಾಗಿಸುತ್ತ ಹೋದಾಗ ಎಲ್ಲಿಯವರೆಗೆ ಗಂಟು ಕಾಣುತ್ತದೋ ಅದೇ ರಿಪೋರ್ಟಿನ ಅಂಕಿ.

ಅಂದಿನ ಟ್ಯೂಬುಗಳಲ್ಲಿ ಓ ನಲವತ್ತಕ್ಕೆ ನಿಂತಿತ್ತು. ಎಚ್ ಮುನ್ನೂರಿಪ್ಪತ್ತರ ಟ್ಯೂಬಿನಲ್ಲಿಯೂ ಹತ್ತಿಯಂತೆ ಮಲಗಿತ್ತು.

ರಕ್ತ ಚೌಡೇಶ್ವರಿಯದು. ಇಪ್ಪತ್ತೆರಡು ವರ್ಷದ ಈ ಹುಡುಗಿ ಬನಶಂಕರಮ್ಮನ ಬೀದಿಯವಳೇ, ನಾಲ್ಕು ಮನೆ ಆಚೆಯ ಲಕ್ಷ್ಮಕ್ಕನ ಮಗಳು. ಕಲ್ಯಾಣದುರ್ಗಕ್ಕೆ ಮದುವೆಯಾಗಿ ಹೋದವಳು ಚೊಚ್ಚಲು ಹೆರಿಗೆಗೆ ತವರಿಗೆ ಬಂದಿದ್ದಳು. ಎಂಟು ತಿಂಗಳು ತುಂಬಿತ್ತು. ಹನ್ನೊಂದು ದಿನದಿಂದ ಜ್ವರ.

ಬನಶಂಕರಮ್ಮ ಅಂಕಿಗಳನ್ನು ಬರೆದಳು. ಕೆಳಗೆ 'ಟೈಫಾಯ್ಡ್ ಇದೆ' ಎಂದು ಬರೆಯುವ ಜಾಗವನ್ನು ಖಾಲಿ ಬಿಟ್ಟಳು. ಸಹಿಯನ್ನೂ ಹಾಕಲಿಲ್ಲ.

ಅದು 1978ರ ಅಕ್ಟೋಬರ್. ಅವಳಿಗೆ ಇಪ್ಪತ್ತೊಂಬತ್ತು. ಅನಂತಪುರದಲ್ಲಿ ಲ್ಯಾಬ್ ತರಬೇತಿ ಮುಗಿಸಿ ಬಂದು ಆರು ವರ್ಷವಾಗಿತ್ತು. ಮಗ್ಗದವರ ಮನೆಯ ಹುಡುಗಿ ಊರವರ ಮೂತ್ರ ನೋಡುವ ಕೆಲಸಕ್ಕೆ ಸೇರಿದಳೆಂದು ಬೀದಿ ಮೊದಲ ವರ್ಷವೆಲ್ಲ ನಕ್ಕಿತ್ತು. ಎರಡನೆಯ ವರ್ಷದಿಂದ ಅದೇ ಬೀದಿ, ಬೇರೆ ಕಡೆ ಮಾಡಿಸಿದ ರಿಪೋರ್ಟನ್ನೂ ಸಂಜೆ ಅವಳ ಮನೆಗೆ ತಂದು 'ಇದು ನಿಜಾನಾ ನೋಡು' ಎನ್ನತೊಡಗಿತು. ಆರು ವರ್ಷದಲ್ಲಿ ಅವಳು ಸಹಿ ಹಾಕಿದ ಒಂದು ಕಾಗದವೂ ಸುಳ್ಳಾಗಿರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ; ಆದರೆ ಮರೆಯುತ್ತಲೂ ಇರಲಿಲ್ಲ.

ಡಾಕ್ಟರ್ ಆದಿನಾರಾಯಣ ಒಂಬತ್ತಕ್ಕೆ ಬಂದರು. ಒಬ್ಬರೇ ವೈದ್ಯರು, ಹೊರಗೆ ಬೆಂಚಿನ ತುಂಬ ಜನ.

"ಏಮಮ್ಮಾ ಬನಶಂಕರಮ್ಮ, ಆ ಬಸುರಿ ಹುಡುಗಿ ರಿಪೋರ್ಟ್ ಎಲ್ಲಿ?"

"ಬರ್ದಿದೀನಿ ಸಾರ್. ಸಹಿ ಹಾಕಿಲ್ಲ."

"ಸಹಿಗೂ ಮುಹೂರ್ತ ನೋಡ್ಬೇಕಾ?"

"ಎಚ್ ಒಂದೇ ಏರೈತೆ ಸಾರ್. ಹನ್ನೊಂದು ದಿನದ ಟೈಫಾಯ್ಡ್ ಆಗಿದ್ರೆ ಓನೂ ಮೇಲಕ್ಕೆ ಬರ್ಬೇಕಾಗಿತ್ತು. ಇದು ಹಳೇ ಸೂಜಿ ಗುರುತಿನಂಗೆ ಕಾಣ್ತೈತೆ. ಟೈಫಾಯ್ಡ್ ಬರದಂಗೆ ಹಾಕ್ತಾರಲ್ಲ, ಆ ಸೂಜಿ."

ಡಾಕ್ಟರು ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದರು. ಅಂಕಿಯಲ್ಲಿ ತಪ್ಪಿರಲಿಲ್ಲ.

"ಸೂಜಿ ಹಾಕ್ಸಿಲ್ಲ ಅಂತ ಅವಳ ತಾಯೀನೇ ಹೇಳಿದ್ಳು. ಮಲೇರಿಯಾ ಸ್ಲೈಡು ನಿನ್ನೆ ನೀನೇ ನೋಡಿದೆ. ಏನಿತ್ತು?"

"ಏನೂ ಇರ್ಲಿಲ್ಲ ಸಾರ್."

"ಮತ್ತಿನ್ನೇನು ಉಳೀತು? ವಾರ ಬಿಟ್ಟು ಇನ್ನೊಂದು ರಕ್ತ ತಗೊಂಡು ಅಂಕಿ ಏರ್ತದಾ ನೋಡ್ಬಹುದು, ಪುಸ್ತಕದಲ್ಲಿ ಅಂಗೇ ಐತೆ. ಆದ್ರೆ ಎಂಟು ತಿಂಗಳ ಬಸುರೀನ ವಾರ ಮಲಗಿಸೋಕಾಗಲ್ಲ ಕಣಮ್ಮ."

ಅವರು ಹೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ಟೈಫಾಯ್ಡಿಗೆ ಆಗ ಎಲ್ಲರೂ ಕೊಡುತ್ತಿದ್ದ ಮದ್ದು ಕ್ಲೋರಾಂಫೆನಿಕಾಲ್. ಹೆರಿಗೆಯ ಸಮೀಪದಲ್ಲಿ ಕೊಟ್ಟರೆ ಹುಟ್ಟುವ ಮಗುವಿನ ಎಳೆಯ ಯಕೃತ್ತಿಗೆ ಅದನ್ನು ಅರಗಿಸುವುದು ಕಷ್ಟ. ಕೆಲವು ಮಕ್ಕಳು ಬೂದಿ ಬಣ್ಣಕ್ಕೆ ತಿರುಗಿ ಉಳಿಯುವುದೇ ಇಲ್ಲ. ಡಾಕ್ಟರಿಗೂ ಅದು ಗೊತ್ತಿತ್ತು. ರೋಗ ಟೈಫಾಯ್ಡೇ ಆಗಿದ್ದರೆ ಆ ಅಪಾಯವನ್ನು ಎದುರಿಸಲೇಬೇಕು. ಬೇರೆ ರೋಗವಾಗಿದ್ದರೆ ಮದ್ದು ಜ್ವರವನ್ನು ಮುಟ್ಟುವುದಿಲ್ಲ, ಮಗುವನ್ನು ಮಾತ್ರ ಮುಟ್ಟುತ್ತದೆ. ಎರಡರಲ್ಲಿ ಯಾವುದು ಎಂಬುದನ್ನು ಈಗ ಬನಶಂಕರಮ್ಮನ ಕಾಗದ ಹೇಳಬೇಕಿತ್ತು.

"ಎರಡು ದಿನ ಕೊಡಿ ಸಾರ್," ಎಂದಳು.

"ಗುರುವಾರ ಸಂಜೆವರೆಗೆ. ಆಮೇಲೆ ನೀನು ಸಹಿ ಹಾಕು, ಬಿಡು. ನಾನು ಮದ್ದು ಶುರು ಮಾಡ್ತೀನಿ."

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅವಳು ಲಕ್ಷ್ಮಕ್ಕನ ಮನೆಗೆ ಹೋದಳು. ಚೌಡೇಶ್ವರಿ ಗೋಡೆಗೆ ಒರಗಿ ಕೂತಿದ್ದಳು. ಮುಖ ಬಿಳಿಚಿಕೊಂಡಿತ್ತು.

"ಈ ವರ್ಷದಾಗೆ ಎಲ್ಲಾದ್ರೂ ಸೂಜಿ ಹಾಕ್ಸಿದ್ಯೇನಮ್ಮ? ಕ್ಯಾಂಪಲ್ಲಿ, ಆಸ್ಪತ್ರೇಲಿ, ಎಲ್ಲಾದ್ರೂ?"

ಉತ್ತರ ಕೊಟ್ಟವಳು ತಾಯಿ. "ಸೂಜಿಗೀಜಿ ಯಾರೂ ಹಾಕ್ಸಿಲ್ಲ ಕಣೇ ಬನಶಂಕ್ರಿ. ಬಸುರಿ ಮೈಗೆ ಸೂಜಿ ತಾಕ್ಸೋ ಜನ ನಾವಲ್ಲ."

"ನಿನ್ನೆ ನಾನೇ ಸೂಜಿ ಚುಚ್ಚಿ ರಕ್ತ ತಗೊಂಡೆನಲ್ಲಕ್ಕ?"

"ತಗೊಳ್ಳೋ ಸೂಜಿ ಬೇರೆ, ಒಳೀಕೆ ಬಿಡೋ ಸೂಜಿ ಬೇರೆ. ನೀನೇ ಓದ್ದೋಳು, ನಿಂಗೆ ನಾನು ಹೇಳ್ಕೊಡ್ಬೇಕಾ?"

ಬನಶಂಕರಮ್ಮ ಹುಡುಗಿಯನ್ನೇ ನೋಡಿದಳು. ಚೌಡೇಶ್ವರಿ "ಇಲ್ಲಕ್ಕ" ಎಂದಳು. ಹೇಳುವ ಮೊದಲು ತಾಯಿಯ ಕಡೆಗೊಮ್ಮೆ ನೋಡಿದಳು. ಹೇಳಿದ ಮೇಲೆ ಕತ್ತಿನ ತಾಳಿಯನ್ನು ಬೆರಳಿನಿಂದ ಮುಟ್ಟಿಕೊಂಡಳು. ಟ್ಯೂಬು ಓದಿ ಅಭ್ಯಾಸವಾದ ಕಣ್ಣಿಗೆ ಅಷ್ಟು ಸಾಕಾಯಿತು. ಅನುಮಾನ ಗಟ್ಟಿಯಾಯಿತು, ಪುರಾವೆ ಮಾತ್ರ ಸಿಗಲಿಲ್ಲ.

ಸಂಜೆ ಕೆಲಸ ಮುಗಿಸಿ ಬರುವಾಗ ಲಕ್ಷ್ಮಕ್ಕ ಬಾಗಿಲಲ್ಲೇ ತಡೆದು ಹೇಳಿದಳು: ಮೂರು ಗಂಟೆಗೆ ಹುಡುಗಿಗೆ ಚಳಿ ಹಿಡಿಯಿತು, ಮೂರು ಕಂಬಳಿ ಹೊದಿಸಿದರೂ ನಡುಗಿದಳು, ಆಮೇಲೆ ಬೆವರಿ ಮಲಗಿದಳು.

"ನಿನ್ನೆ ಬಂದಿತ್ತಾ ಚಳಿ?"

"ನಿನ್ನೆ ಇಲ್ಲ. ಮೊನ್ನೆ ಭಾನುವಾರ ಇದೇ ಹೊತ್ತಿಗೆ ಬಂದಿತ್ತು."

ದಿನ ಬಿಟ್ಟು ದಿನ, ಒಂದೇ ಹೊತ್ತಿಗೆ, ಮಲೇರಿಯಾದ ಚಳಿಯಂತೆ. ರಕ್ತ ತೆಗೆದದ್ದು ಸೋಮವಾರ ಬೆಳಿಗ್ಗೆ, ಚಳಿ ಬಾರದ ದಿನ. ಕ್ರಿಮಿಗಳು ವಿರಳವಾಗಿದ್ದಾಗ ಒಂದು ಹನಿಯಲ್ಲಿ ಅವು ಸಿಗದೇ ಹೋಗುವುದುಂಟು. ಮುಂದಿನ ಚಳಿ ಗುರುವಾರ ಮೂರಕ್ಕೆ ಬರಬೇಕು, ಡಾಕ್ಟರು ಕೊಟ್ಟ ಗಡುವಿಗೆ ಎರಡು ಗಂಟೆ ಮೊದಲು. ಆ ಸ್ಲೈಡೂ ಖಾಲಿಯಾದರೆ? ಆಗ ಅವಳ ಕೈಯಲ್ಲಿ ಮುನ್ನೂರಿಪ್ಪತ್ತು ಎಂಬ ಅಂಕಿ ಬಿಟ್ಟು ಬೇರೇನೂ ಇರುವುದಿಲ್ಲ. ಸೂಜಿಯ ವಿಷಯ ತಿಳಿಯಲೇಬೇಕಿತ್ತು.

ಮನೆಯಲ್ಲಿ ವೆಂಕಟರಾಮಪ್ಪ ಮಗ್ಗದಿಂದ ಇಳಿದಿರಲಿಲ್ಲ.

"ನಾಳೆ ಕಲ್ಯಾಣದುರ್ಗಕ್ಕೆ ಹೋಯ್ತೀನಪ್ಪ. ರಜಾ ಹೇಳಿದೀನಿ."

"ಒಂದು ಸಹಿ ಹಾಕೋಕೆ ಅಷ್ಟು ದೂರ ಹೋಗ್ಬೇಕಾ? ಏನು ಅಂಥಾದ್ದು ಐತೆ ಆ ರಕ್ತದಾಗೆ?"

ಅವಳು ತಲೆಯೆತ್ತಿ ಅಟ್ಟವನ್ನು ತೋರಿಸಿದಳು. ಅಲ್ಲಿ ತೂತು ಹೊಡೆದ ರಟ್ಟಿನ ಸರಗಳು, ಮಗ್ಗದವರು ಅಟ್ಟೆ ಎನ್ನುವವು, ಕಟ್ಟುಕಟ್ಟಾಗಿ ತೂಗುತ್ತಿದ್ದವು. ಒಂದೊಂದು ಕಟ್ಟು ಒಂದೊಂದು ಅಂಚಿನ ಚಿತ್ತಾರ. ಮಾವಿನಕಾಯಿ ಅಂಚು ಕೇಳಿದರೆ ಆ ಕಟ್ಟನ್ನು ಇಳಿಸಿ ಮಗ್ಗದ ಮೇಲಿನ ಜಕಾರ್ಡ್ ಯಂತ್ರಕ್ಕೆ ಏರಿಸಿದರಾಯಿತು.

"ಒಳಗೂ ಅಂಗೇ ಅಪ್ಪ. ಲೆಕ್ಕ ಇಲ್ದಷ್ಟು ಕಣಗಳು, ಬಿ ಕಣ ಅಂತಾರೆ. ಒಂದೊಂದಕ್ಕೂ ಒಂದೇ ಚಿತ್ತಾರ ಗೊತ್ತು, ಹುಟ್ಟುತ್ತಲೇ ಗೊತ್ತು. ಟೈಫಾಯ್ಡ್ ಕ್ರಿಮಿ ಬಂದ್ರೆ ಅದಕ್ಕೆ ಹೊಂದೋ ಕಣ ಒಂದೇ ಎದ್ದು ನಿಲ್ತೈತೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಸಾವಿರ ಆಗಿ, ಎಲ್ಲವೂ ಅದೇ ಚಿತ್ತಾರದ ಪ್ರತಿಕಾಯ ನೇಯ್ತವೆ."

"ಆರ್ಡರ್ ಮುಗಿದ ಮೇಲೆ?"

"ಮಗ್ಗ ನಿಲ್ತವೆ. ಬಾಳಾ ಕಣ ಸಾಯ್ತವೆ. ಕೆಲವು ಮಾತ್ರ ಅಟ್ಟೆ ಕಟ್ಕೊಂಡು ವರ್ಷಗಟ್ಲೆ ಕೂತಿರ್ತವೆ. ಮುಂದಿನ ಸಲ ಅದೇ ಕ್ರಿಮಿ ಬಂದ್ರೆ ಹೊಸ ಅಟ್ಟೆ ಹೊಡೆಯೋ ಕೆಲಸ ಇಲ್ಲ. ಸೂಜಿ ಮಾಡೋದೂ ಅದನ್ನೇ. ಸತ್ತ ಕ್ರಿಮಿ ತೋರ್ಸಿ ಅಟ್ಟೆ ಕಟ್ಟಿಸ್ತೈತೆ."

"ಅಂದ್ರೆ ನಿನ್ನ ಟ್ಯೂಬು ತೋರ್ಸಿದ್ದು ಅಟ್ಟದ ಮೇಲಿನ ಅಟ್ಟೇನಾ, ಮಗ್ಗದ ಮೇಲಿನ ಸೀರೇನಾ?"

"ಅದೇ ಗೊತ್ತಾಗ್ಬೇಕು."

ವೆಂಕಟರಾಮಪ್ಪ ಒಂದು ಸಲ ಲಾಳಿ ಎಸೆದು ಹಲಗೆ ಬಡಿದ. ಮೇಲೆ ಕಟ್ಟುಗಳು ಕದಲಿದವು. "ಬ್ಯಾರೆ ಮಗ್ಗ ಬಡಿದ್ರೂ ಹಳೇ ಅಟ್ಟೆ ಅಲ್ಲಾಡ್ತವೆ, ನೋಡು," ಎಂದ.

ತರಬೇತಿಯ ಪುಸ್ತಕದಲ್ಲಿ ಅದಕ್ಕೊಂದು ಸಾಲಿತ್ತು: ಬೇರೆ ಜ್ವರ ಬಂದಾಗಲೂ ಹಳೆಯ ಸೂಜಿಯ ಎಚ್ ಪ್ರತಿಕಾಯ ಏರಬಹುದು. ಆರು ವರ್ಷದಲ್ಲಿ ಆ ಸಾಲು ಅವಳಿಗೆ ಇಷ್ಟು ಸ್ಪಷ್ಟವಾಗಿರಲಿಲ್ಲ.

ಬುಧವಾರ ಮೊದಲ ಬಸ್ಸಿಗೆ ಹೊರಟು ಮಡಕಶಿರಾ, ಪಾವಗಡ ದಾಟಿ ಹನ್ನೊಂದಕ್ಕೆ ಅವಳು ಕಲ್ಯಾಣದುರ್ಗದಲ್ಲಿ ಇಳಿದಳು. ಚೌಡೇಶ್ವರಿಯ ಅತ್ತೆ ನಾರಮ್ಮ ಪಡಸಾಲೆಯಲ್ಲಿ ರಾಟೆ ತಿರುಗಿಸುತ್ತ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಬಂದವಳು ಸೊಸೆಯ ತವರು ಬೀದಿಯವಳೆಂದು ತಿಳಿದೊಡನೆ ನೀರು ಕೊಟ್ಟು, ಮಂಡಕ್ಕಿಯ ಬಿಸಿ ಉಗ್ಗಾಣಿ ತಟ್ಟೆಗೆ ಹಾಕಿ ಮುಂದಿಟ್ಟಳು. ಸೂಜಿಯ ಮಾತೆತ್ತಿದೊಡನೆ ರಾಟೆ ಮತ್ತೆ ತಿರುಗಿತು.

"ನಿಮ್ಮೂರಲ್ಲಿ ಬಸುರೀಗೆ ಸೂಜಿ ಹಾಕ್ತಾರೇನಮ್ಮ? ನಮ್ಮೂರಲ್ಲಿ ಹಾಕಲ್ಲ."

"ಬಸುರಿ ಅಂತ ಗೊತ್ತಾಗೋಕೆ ಮುಂಚೆ ಹಾಕ್ಸಿದ್ರೆ?"

ನಾರಮ್ಮ ರಾಟೆಯನ್ನು ಇನ್ನೂ ಜೋರಾಗಿ ತಿರುಗಿಸಿದಳು. ಬನಶಂಕರಮ್ಮ ಒತ್ತಾಯಿಸಲಿಲ್ಲ. ಗುರುವಾರ ಸಂಜೆ ಶುರುವಾಗುವ ಮದ್ದು ಯಾವುದು, ಅದು ಮಗುವಿಗೆ ಏನು ಮಾಡಬಹುದು ಎಂಬುದನ್ನು ಏರಿಳಿತವಿಲ್ಲದೆ ಹೇಳಿದಳು. ಸೂಜಿ ಹಾಕಿಸಿದ್ದು ತಪ್ಪೆಂದು ಹೇಳಲು ತಾನು ಬಂದಿಲ್ಲ, ಹಾಕಿಸಿದ್ದಾದರೆ ಅದೇ ಈಗ ಮಗುವನ್ನು ಉಳಿಸುವ ಸಾಕ್ಷಿ ಎಂದಳು.

ರಾಟೆ ನಿಂತಿತು.

"ಹೋದ ವರ್ಷ ಇದೇ ಟೈಫಾಯ್ಡಿಗೆ ನನ್ನ ಮಗಳು ಹೋದ್ಲು. ಹತ್ತೊಂಬತ್ತು ವರ್ಷ ಕಣಮ್ಮ. ಈ ವರ್ಷ ಸೂಜಿ ಕ್ಯಾಂಪು ಬಂತು. ಸೊಸೇನ ನಾನೇ ಕೈ ಹಿಡ್ಕೊಂಡು ಹೋದೆ. ಎರಡು ಸಲ ಹಾಕ್ಸಿದೆ. ಎರಡನೇದು ಹಾಕ್ಸಿ ವಾರಕ್ಕೆ ಗೊತ್ತಾಯ್ತು, ಅವಳು ಆ ತಿಂಗಳು ನೀರು ಹಾಕ್ಕೊಂಡಿಲ್ಲ ಅಂತ." ಸೆರಗಿನಿಂದ ಮುಖ ಒರೆಸಿಕೊಂಡಳು. "ಮಗೀಗೆ ಏನಾನ ಆದ್ರೆ ನಾಳೆ ಬೀಗಿತಿ ನನ್ನನ್ನೇ ಅಂತಾಳೆ. ತವರಾಗೆ ಬಾಯಿ ಬಿಡ್ಬ್ಯಾಡ ಅಂತ ತಾಳಿ ಮುಟ್ಟಿಸಿ ಆಣೆ ಹಾಕ್ಸಿಬುಟ್ಟೆ. ಮನೆದೇವ್ರು ಚೌಡಮ್ಮನ ಮುಂದೆ."

ಚೌಡಮ್ಮನ ಪಟದ ಹಿಂದಿನಿಂದ ಅವಳು ಒಂದು ಚೀಟಿ ತೆಗೆದಳು. ಕ್ಯಾಂಪಿನಲ್ಲಿ ಕೊಟ್ಟ ರಟ್ಟಿನ ಕಾರ್ಡು. ಫೆಬ್ರವರಿ 18, ಮಾರ್ಚ್ 4. ಎರಡು ಸಲ ಟೈಫಾಯ್ಡ್ ಸೂಜಿ.

"ಡಾಕ್ಟ್ರಿಗೆ ತೋರ್ಸು. ಬೀಗಿತಿಗೆ ಬ್ಯಾಡ."

"ಬೀಗಿತಿಗೆ ನೀವೇ ಹೇಳೀರಂತೆ, ಮಗು ಹುಟ್ಟಿದ ಮೇಲೆ," ಎಂದಳು ಬನಶಂಕರಮ್ಮ. ಉಗ್ಗಾಣಿ ತಟ್ಟೆಯನ್ನು ಖಾಲಿ ಮಾಡಿಯೇ ಎದ್ದಳು. ಇಲ್ಲವಾದರೆ ಗುಟ್ಟು ಉಳಿಯುತ್ತದೆಂದು ನಾರಮ್ಮ ನಂಬುತ್ತಿರಲಿಲ್ಲ.

ಗುರುವಾರ ಎರಡು ಗಂಟೆಗೆ ಅವಳು ಕಾಗದದಲ್ಲಿ ಸುತ್ತಿದ ಸ್ಲೈಡುಗಳು, ಸ್ಪಿರಿಟ್, ಹತ್ತಿ ಹಿಡಿದು ಲಕ್ಷ್ಮಕ್ಕನ ಮನೆಯಲ್ಲಿ ಕೂತಿದ್ದಳು. ಮೂರಾಯಿತು. ಏನೂ ಆಗಲಿಲ್ಲ. ಲಕ್ಷ್ಮಕ್ಕ ಗಡಿಯಾರ ನೋಡಿ, "ನೀನು ಬಂದಿದೀಯ ಅಂತ ಚಳೀಗೂ ಹೆದ್ರಿಕೆ," ಎಂದಳು. ಮೂರು ಇಪ್ಪತ್ತಕ್ಕೆ ಚೌಡೇಶ್ವರಿಯ ಹಲ್ಲು ಕಟಕಟಿಸತೊಡಗಿತು. ಬನಶಂಕರಮ್ಮ ಅವಳ ಬೆರಳು ಚುಚ್ಚಿ ಒಂದೊಂದರ ಮೇಲೂ ಒಂದು ದಪ್ಪ ಹನಿ, ಒಂದು ತೆಳು ಪೊರೆ ಇರುವಂತೆ ಮೂರು ಸ್ಲೈಡು ಮಾಡಿಕೊಂಡಳು. ಹೊರಡುವ ಮುನ್ನ ಹುಡುಗಿಯ ಕಿವಿಯ ಬಳಿ ಬಗ್ಗಿ, "ನಿಮ್ಮತ್ತೆ ಕಾರ್ಡು ಕೊಟ್ಟಿದಾರೆ. ನಿನ್ನ ಆಣೆ ಮುರಿದಿಲ್ಲ," ಎಂದಳು. ನಡುಕದ ಮಧ್ಯದಲ್ಲಿಯೇ ಚೌಡೇಶ್ವರಿ ಅವಳ ಕೈಯನ್ನು ಒತ್ತಿ ಹಿಡಿದಳು.

ಲ್ಯಾಬಿನಲ್ಲಿ ಸ್ಲೈಡು ಒಣಗಿಸಿ, ಬಣ್ಣ ಹಾಕಿ, ತೊಳೆದು, ಎಣ್ಣೆಯ ಹನಿ ಬಿಟ್ಟು ಮೈಕ್ರೋಸ್ಕೋಪಿಗೆ ಕಣ್ಣಿಟ್ಟಾಗ ನಾಲ್ಕೂವರೆ ದಾಟಿತ್ತು. ಮೊದಲ ಸ್ಲೈಡನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೋಡಿದಳು. ಏನೂ ಸಿಗಲಿಲ್ಲ. ಎರಡನೆಯದರ ಮಧ್ಯದಲ್ಲಿ ಊದಿದ ಒಂದು ಕೆಂಪು ಕಣ, ಅದರೊಳಗೆ ನೀಲಿ ಉಂಗುರ, ಉಂಗುರಕ್ಕೊಂದು ಕೆಂಪು ಹರಳು. ಸರಿಸಿದಳು. ಇನ್ನೊಂದು. ಮೂರನೆಯದು ಸಿಕ್ಕ ಮೇಲೆ ಕೈ ತೆಗೆದು ಡಾಕ್ಟರನ್ನು ಕರೆದಳು.

ಅವರು ಬಹಳ ಹೊತ್ತು ನೋಡಿದರು. ಆಮೇಲೆ ಕಾರ್ಡನ್ನು ಓದಿದರು.

"ಮಲೇರಿಯಾ. ಸೋಮವಾರ ನಾನೂ ಕೇಳ್ಬೇಕಿತ್ತು, ಚಳಿ ಯಾವ ಹೊತ್ತಿಗೆ ಬರ್ತದೆ ಅಂತ. ಕೇಳ್ಲಿಲ್ಲ." ಕನ್ನಡಕ ತೆಗೆದರು. "ಬರಿಯಮ್ಮ. ಸಹಿ ಹಾಕು."

ಅವಳು ಬರೆದಳು: ಓ ನಲವತ್ತು, ಎಚ್ ಮುನ್ನೂರಿಪ್ಪತ್ತು, ಏಳು ತಿಂಗಳ ಹಿಂದೆ ಟೈಫಾಯ್ಡ್ ಸೂಜಿ ಆಗಿದೆ, ರಕ್ತದಲ್ಲಿ ಮಲೇರಿಯಾ ಕ್ರಿಮಿ ಕಂಡಿದೆ. ಕೆಳಗೆ ತನ್ನ ಹೆಸರನ್ನು ಪೂರ್ತಿಯಾಗಿ, ಅಕ್ಷರ ಬಿಡಿಸಿ ಬರೆದಳು.

ಕ್ಲೋರೋಕ್ವಿನ್ ಮಾತ್ರೆ ಅಂದೇ ಶುರುವಾಯಿತು. ಶನಿವಾರದ ಚಳಿ ಬಂತು, ಆದರೆ ಮೈ ಜುಮ್ಮೆನ್ನುವಷ್ಟೇ. ಸೋಮವಾರದ್ದು ಬರಲಿಲ್ಲ. ವಾರದ ನಂತರ ಅವಳು ಮತ್ತೆ ವಿಡಾಲ್ ಇಟ್ಟಳು. ಓ ನಲವತ್ತು, ಎಚ್ ಮುನ್ನೂರಿಪ್ಪತ್ತು. ಒಂದು ಟ್ಯೂಬೂ ಮೇಲೇರಿರಲಿಲ್ಲ.

ನವೆಂಬರ್ 19ರಂದು ಹೆಣ್ಣು ಮಗು ಹುಟ್ಟಿತು. ಎರಡೂಮುಕ್ಕಾಲು ಕಿಲೋ, ಮೈ ಕೆಂಪಗೆ. ಡಾಕ್ಟರ ಒಪ್ಪಿಗೆ ಪಡೆದು ಬನಶಂಕರಮ್ಮ ಹೊಕ್ಕುಳಬಳ್ಳಿಯ ರಕ್ತವನ್ನು ಒಂದು ಬಾಟಲಿಗೆ ಹಿಡಿದಿಟ್ಟಳು. ಮರುದಿನ ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ಆ ಟ್ಯೂಬುಗಳನ್ನು ನೋಡಿದಾಗ ಓ ಸಾಲಿನಲ್ಲಿ ಏನೂ ಇರಲಿಲ್ಲ, ಇಪ್ಪತ್ತರ ಟ್ಯೂಬಿನಲ್ಲಿಯೂ ಇಲ್ಲ. ಎಚ್ ಸಾಲಿನಲ್ಲಿ ನೂರರವತ್ತರವರೆಗೆ ಹತ್ತಿ.

ಸೂಜಿಯನ್ನೇ ಕಾಣದ ಮಗು ಅದು. ಟೈಫಾಯ್ಡನ್ನೂ ಕಂಡಿರಲಿಲ್ಲ. ಪ್ರತಿಕಾಯಗಳಲ್ಲಿ ಎರಡು ಬಗೆ: ಮೊದಲು ಹುಟ್ಟುವ ದೊಡ್ಡವು ತಾಯಿಯ ಮಾಸನ್ನು ದಾಟಲಾರವು, ತಡವಾಗಿ, ತಿದ್ದಿ ತೀಡಿ ತಯಾರಾಗುವ ಸಣ್ಣವು ದಾಟುತ್ತವೆ. ಅವಳ ಓ ಟ್ಯೂಬು ಹೆಚ್ಚಾಗಿ ಮೊದಲಿನವನ್ನು ತೋರಿಸುತ್ತದೆ, ಎಚ್ ಟ್ಯೂಬು ಎರಡನೆಯವನ್ನು. ಡಾಕ್ಟರು ಸ್ಟ್ಯಾಂಡನ್ನು ತಾವೇ ಎತ್ತಿ ಹಿಡಿದು ಎರಡು ಸಲ ನೋಡಿದರು. "ಕಾಲೇಜಲ್ಲಿ ಇದನ್ನ ಓದಿ ಪಾಸಾದೆ. ಕಣ್ಣಲ್ಲಿ ನೋಡಿದ್ದು ಇವತ್ತೇ," ಎಂದರು. ಹೊರಗೆ ಬೆಂಚಿನ ಮೇಲೆ ಕೂತಿದ್ದವರಿಗೂ ಕೇಳುವಷ್ಟು ಗಟ್ಟಿಯಾಗಿ, "ಇನ್ನೊಂದು ಊರಿಗೆ ಹೋಗಿ ಓದಿದ ರಿಪೋರ್ಟು ಇದು. ನಮ್ಮ ಬನಶಂಕರಮ್ಮಂದು," ಎಂದರು. ಬನಶಂಕರಮ್ಮ ಟ್ಯೂಬು ತೊಳೆಯಲು ತಿರುಗಿಕೊಂಡಳು. ಅಂದು ಮನೆಗೆ ಹೋಗಿ ಅಪ್ಪನಿಗೆ ಆ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು.

ನಾಮಕರಣಕ್ಕೆ ನಾರಮ್ಮ ಬಂದಳು. ತೊಟ್ಟಿಲ ಪಕ್ಕದಲ್ಲಿ ಕೂತು, ಬೀಗಿತಿಯ ಮುಖ ನೋಡದೆ, ತಾನೇ ಎಲ್ಲವನ್ನೂ ಹೇಳಿದಳು. ಕ್ಯಾಂಪು, ಕಾರ್ಡು, ಆಣೆ. ಲಕ್ಷ್ಮಕ್ಕ ಬನಶಂಕರಮ್ಮನ ಕಡೆಗೆ ತಿರುಗಿದಳು.

"ನಿಜಾನೇನೇ? ಅವ್ವನ ಸೂಜಿ ಮಗೀಗೂ ಬಂದೈತಾ?"

"ಬಂದೈತಕ್ಕ. ನಾನೇ ನೋಡಿದೀನಿ. ಎಷ್ಟು ಕಾಯ್ತೈತೆ ಅಂತ ನನ್ನ ಟ್ಯೂಬು ಹೇಳಲ್ಲ. ಬಂದಿರೋದು ಮಾತ್ರ ಖರೆ. ಕೆಲವು ತಿಂಗಳು ಇರ್ತೈತೆ, ಆಮೇಲೆ ಕರಗ್ತೈತೆ."

ಲಕ್ಷ್ಮಕ್ಕ ತೊಟ್ಟಿಲನ್ನು ಒಮ್ಮೆ ತೂಗಿದಳು. ಆಮೇಲೆ, "ಎಂಟು ತಿಂಗಳು ಈ ಮಾತನ್ನ ಹೊಟ್ಟೇಲಿ ಇಟ್ಕೊಂಡಿದ್ರಲ್ಲ ಬೀಗಿತಿ. ನೀವೂ ಹೆತ್ತಂಗೇ ಆಯ್ತು ಬಿಡಿ," ಎಂದಳು. ನಾರಮ್ಮ ಮೊದಲು ನಕ್ಕಳು, ಆಮೇಲೆ ಅತ್ತಳು.

ಜನವರಿಯಿಂದ ಆ ನರ್ಸಿಂಗ್ ಹೋಮಿನ ವಿಡಾಲ್ ಫಾರಮ್ಮಿನಲ್ಲಿ ಹೊಸದೊಂದು ಸಾಲು ಅಚ್ಚಾಗಿ ಬಂತು. ಒಕ್ಕಣೆ ಬನಶಂಕರಮ್ಮನದು: 'ಟೈಫಾಯ್ಡ್ ಸೂಜಿ ಆಗಿದೆಯೇ? ರೋಗಿಯನ್ನು ಒಬ್ಬರನ್ನೇ ಕೂರಿಸಿ ಕೇಳುವುದು.'

1979ರ ಫೆಬ್ರವರಿ 20ರಂದು, ಮೂರು ತಿಂಗಳು ತುಂಬಿದ ಮಗುವಿಗೆ ನಾಯಿಕೆಮ್ಮು, ಧನುರ್ವಾಯು ಬಾರದಂತೆ ಹಾಕುವ ಮೊದಲ ಟ್ರಿಪಲ್ ಸೂಜಿ ಹಾಕಿಸಲು ಚೌಡೇಶ್ವರಿ ಬಂದಳು. ಅವಳೇ ಕೇಳಿದ್ದರಿಂದ ಬನಶಂಕರಮ್ಮ ಮಗುವಿನ ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದು ನೋಡಿದಳು. ಎಚ್ ಇಪ್ಪತ್ತಕ್ಕೆ ಇಳಿದಿತ್ತು. ಎರಡನೆಯ ಸೂಜಿಗೆ ಮಾರ್ಚ್ 20ರ ಮಂಗಳವಾರ ಬರಬೇಕೆಂದು ನರ್ಸು ಕಾರ್ಡಿನಲ್ಲಿ ಬರೆದುಕೊಟ್ಟಳು. ಆ ಕಾರ್ಡನ್ನು ಲಕ್ಷ್ಮಕ್ಕ ಮಗ್ಗದ ಎದುರಿನ ಗೋಡೆಗೆ, ಬಂದವರಿಗೆಲ್ಲ ಕಾಣುವಂತೆ, ಮೊಳೆ ಹೊಡೆದು ತೂಗುಹಾಕಿದಳು.